ಮಧುಪಾನವೂ ಸೀಸೆಯ ಚೀಟಿಯೂ

ಹಳಗನ್ನಡ ಕಾವ್ಯವನ್ನು ಪಾಠ ಹೇಳುವ ಅಧ್ಯಾಪಕನಿಗೆ ಒಂದು ವಿಚಿತ್ರ ಸಂಕಟವುಂಟು. ಮಹಾಕಾವ್ಯದಲ್ಲಿ ಇರತಕ್ಕ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಸಮುದ್ರ, ಪರ್ವತ, ಚಂದ್ರೋದಯಗಳನ್ನು ನಾನು ಕಂಡವನು. ಅವುಗಳ ವರ್ಣನೆಯನ್ನು ಧೈರ್ಯವಾಗಿ ವಿವರಿಸುತ್ತೇನೆ. ಮಧುಪಾನದ ಪದ್ಯ ಬಂದಾಗ ಮಾತ್ರ ಅರ್ಥ ಹೇಳಿ, ಅಲಂಕಾರ ಗುರುತಿಸಿ, ಬೇಗನೆ ಮುಂದಿನ ಪದ್ಯಕ್ಕೆ ದಾಟಿಬಿಡುತ್ತೇನೆ. ಇಪ್ಪತ್ತು ವರ್ಷ ಹೀಗೆಯೇ ಸಾಗಿತು. ಆ ‘ಮಧು’ ಯಾವ ರಸ, ಎಲ್ಲಿಂದ ಬಂದುದು ಎಂದು ವಿಚಾರಮಾಡುವ ಪ್ರಸಂಗವನ್ನು ತಂದವರು ಕುಂಸಿಯ ನಮ್ಮ ಚಿಕ್ಕಪ್ಪ.

ಕುಂಸಿ, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿರುವ ಊರು. ಹಿಂದೆ ಮ್ಯಾಂಗನೀಸ್ ಅದುರಿಗೆ ಹೆಸರಾಗಿತ್ತು. ಕಳೆದ ವರ್ಷ ಅಲ್ಲಿಗೆ ಹೋದಾಗ ಚಿಕ್ಕಪ್ಪನ ಔಷಧದ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಪಕ್ಕಕ್ಕೆ ಇನ್ನೊಂದು ಸೀಸೆ ಕಂಡೆ. ಮೇಲಿನ ಚೀಟಿಯಲ್ಲಿ ‘ಪೋರ್ಟ್’ ಎಂದಿತ್ತು.

“ಇದೇನು ಚಿಕ್ಕಪ್ಪ?” ಎಂದೆ.

“ಹೃದಯಕ್ಕೆ ಒಳ್ಳೆಯದಂತೆ ಕಣೋ. ರಾತ್ರಿ ಊಟ ಆದಮೇಲೆ ಎರಡು ಔನ್ಸು. ಅಂಗಡಿಯಲ್ಲಿ ಇದೇ ಅಗ್ಗ. ನೀನು ಓದಿದವನು, ಇದಕ್ಕಿಂತ ಒಳ್ಳೆಯದು, ಹೆಚ್ಚು ದುಡ್ಡು ಬೇಡದ್ದು ಯಾವುದಾದರೂ ಇದ್ದರೆ ಹೇಳು.”

“ಡಾಕ್ಟರನ್ನು ಕೇಳಿದಿರಾ?”

“ಕೇಳಿದರೆ ಬೇಡ ಅಂತಾರಲ್ಲ!”

ಚಿಕ್ಕಪ್ಪನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಆದುದರಿಂದ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿರಲಿಲ್ಲ. ಊರಿಗೆ ಬಂದು ಪುಸ್ತಕಗಳನ್ನು ತೆರೆದೆ.

ಮೊದಲು ಕೈಗೆ ಬಂದುದು ಕೌಟಿಲ್ಯನ ಅರ್ಥಶಾಸ್ತ್ರ. ಮದ್ಯಗಳನ್ನು ವಿಂಗಡಿಸುವಲ್ಲಿ ಆತ ದ್ರಾಕ್ಷಿಯ ರಸಕ್ಕೇ ‘ಮಧು’ ಎಂಬ ಹೆಸರನ್ನು ಕೊಟ್ಟು, ಹುಟ್ಟಿದ ನಾಡಿನಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಬಂದವೆನ್ನುತ್ತಾನೆ. ಕಾಪಿಶಿಯೆಂದರೆ ಇಂದಿನ ಆಫ್ಘಾನಿಸ್ಥಾನದ ಸೀಮೆ. ಅಕ್ಕಿ, ಬೆಲ್ಲ, ಈಚಲು, ತೆಂಗುಗಳ ಮದ್ಯ ನಮ್ಮ ನೆಲದ್ದು. ದ್ರಾಕ್ಷಿಯ ಮದ್ಯ ದೂರದಿಂದ ಬಂದ, ಸಿರಿವಂತರ ವಸ್ತು. ಅದನ್ನು ಕೊಳ್ಳುವವನು ನಾಡಿನ ಹೆಸರು ಕೇಳಿ ಕೊಳ್ಳಬೇಕೆಂಬ ಪದ್ಧತಿ ಅಷ್ಟು ಹಿಂದೆಯೇ ಇದ್ದಿತು.

ಕನ್ನಡನಾಡಿನಲ್ಲಿ ದ್ರಾಕ್ಷಿಯೇನೂ ಅಪರಿಚಿತವಲ್ಲ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿ ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಮಾರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಮೂರು ಗೊಂಚಲಿಗೂ ಹತ್ತು ದಾಳಿಂಬೆಗೂ ಒಂದೇ ಬೆಲೆಯೆಂದರೆ ದ್ರಾಕ್ಷಿ ಅಗ್ಗದ ಹಣ್ಣಾಗಿರಲಿಲ್ಲ.

ಇನ್ನು ಚಿಕ್ಕಪ್ಪನ ‘ಪೋರ್ಟ್’. ಇದೂ ಒಂದು ನಾಡಿನ ಹೆಸರೇ. ಪೋರ್ಚುಗಲ್ಲಿನ ದೋರೋ ನದಿಯ ಕಣಿವೆಯಲ್ಲಿ ಬೆಳೆದ ದ್ರಾಕ್ಷಿಯ ಮದ್ಯ ಪೋರ್ಟೊ ಪಟ್ಟಣದ ಬಂದರಿನಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. 1703ರ ಮೆಥುಯೆನ್ ಒಪ್ಪಂದದಿಂದ ಅದರ ಮೇಲಿನ ಸುಂಕ ಫ್ರಾನ್ಸಿನ ಮದ್ಯದ ಸುಂಕಕ್ಕಿಂತ ಕಡಮೆಯಾಗಿ, ಇಂಗ್ಲಿಷರು ಅದಕ್ಕೆ ಒಗ್ಗಿಹೋದರು. ರಸ ಹುಳಿಯುತ್ತಿರುವಾಗಲೇ ಅದಕ್ಕೆ ಬ್ರಾಂದಿ ಬೆರೆಸಿದರೆ ಹುದುಗು ನಿಲ್ಲುತ್ತದೆ. ಹಣ್ಣಿನ ಸಕ್ಕರೆ ಪೂರ್ತಿ ಕರಗದೆ ಉಳಿಯುತ್ತದೆ. ಮದ್ಯಸಾರ ಶೇಕಡಾ 19ರಿಂದ 22ರಷ್ಟಾಗುತ್ತದೆ. ಸಿಹಿಯೂ ಹೌದು, ಖಾರವೂ ಹೌದು, ಕೆಡುವುದೂ ಇಲ್ಲ. ಕಲಬೆರಕೆ ತಡೆಯಲು 1756ರಲ್ಲಿಯೇ ಆ ಕಣಿವೆಗೆ ಗಡಿ ಗುರುತಿಸುವ ವ್ಯವಸ್ಥೆಯಾಯಿತು. ಇಂಗ್ಲಿಷರು ತಮ್ಮ ದಂಡಿನೊಡನೆ ಈ ರುಚಿಯನ್ನೂ, ಕಾಯಿಲೆಯಿಂದ ಎದ್ದವರಿಗೆ ಇದು ಬಲವರ್ಧಕವೆಂಬ ನಂಬಿಕೆಯನ್ನೂ ನಮ್ಮ ದೇಶಕ್ಕೆ ತಂದರು. ದಂಡು ಹೋಯಿತು, ನಂಬಿಕೆ ಕುಂಸಿಯ ಔಷಧದ ಗೂಡಿನವರೆಗೂ ಬಂದು ಕುಳಿತಿದೆ.

ಆದರೆ ಗೂಡಿನ ಸೀಸೆಯೊಳಗಿದ್ದುದು ದೋರೋ ಕಣಿವೆಯ ರಸವಲ್ಲ. ನಮ್ಮಲ್ಲಿ ಅಗ್ಗವಾಗಿ ಮಾರುವ ಸಿಹಿ ಮದ್ಯ ಬಹುಮಟ್ಟಿಗೆ ‘ಬೆಂಗಳೂರು ನೀಲಿ’ ದ್ರಾಕ್ಷಿಯದು. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆ ಬೆಳೆಯುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ದ್ರಾಕ್ಷಿಶಾಸ್ತ್ರದ ಪಟ್ಟಿಗಳಲ್ಲಿ ಇದು ಅಮೆರಿಕದ ‘ಇಸಬೆಲ್ಲಾ’ ತಳಿಯೇ. ಮಳೆ, ಬೂದಿರೋಗಗಳಿಗೆ ಸುಲಭವಾಗಿ ಬಗ್ಗದ ಗಟ್ಟಿ ಬಳ್ಳಿ. ರಸಕ್ಕೂ ಜಾಮಿಗೂ ಸೊಗಸಾದ ಹಣ್ಣು. ಮದ್ಯವಾದಾಗ ಮಾತ್ರ ಅದರ ಘಾಟು ಪರಿಮಳ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಫ್ರಾನ್ಸು 1934ರ ಕೊನೆಯಲ್ಲಿ ಮಾಡಿದ ಕಾನೂನಿನಲ್ಲಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲಾ ಒಂದು. ಹಣ್ಣಿನ ಮೇಲೆ ನನಗೆ ದೂರಿಲ್ಲ. ತನ್ನದಲ್ಲದ ಹೆಸರನ್ನು ಹೊತ್ತು ಅದು ಔಷಧದ ಗೂಡು ಸೇರಿದುದೇ ದೂರು.

ಊಟದೊಡನೆ ಕುಡಿಯುವ, ಸಿಹಿಯಿಲ್ಲದ ಕೆಂಪು ಮದ್ಯ ನಮ್ಮ ರಾಜ್ಯದಲ್ಲಿ ನೆಲೆಯೂರಿದ್ದು ಇತ್ತೀಚೆಗೆ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಎಂಬುವರು ಜಾರ್ಜ್ ವೆಸೆಲ್ ಎಂಬ ಫ್ರೆಂಚ್ ತಜ್ಞರ ನೆರವಿನಿಂದ 1988ರಲ್ಲಿ ಫ್ರಾನ್ಸಿನ ತಳಿಗಳ ತೋಟ ಹಾಕಿದರು. 1992ರಲ್ಲಿ ಮೊದಲ ಮದ್ಯ ಹೊರಬಂದಿತು. 2007ರಲ್ಲಿ ರಾಜ್ಯಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ, ನಂದಿ, ಕೃಷ್ಣಾ, ಕಾವೇರಿ ಕಣಿವೆಗಳನ್ನು ಇದಕ್ಕೆ ತಕ್ಕ ಪ್ರದೇಶಗಳೆಂದು ಎಣಿಸಿತು. ಕೌಟಿಲ್ಯನ ಕಾಪಿಶಾಯನದಂತೆ ಈಗ ನಮ್ಮ ಕಣಿವೆಗೂ ಒಂದು ಹೆಸರು ಬಂದಂತಾಯಿತು.

ಇಷ್ಟು ಚರಿತ್ರೆ ತಿಳಿದರೆ, ಹೊಸಬನಾದವನು ಅಂಗಡಿಯ ಮುಂದೆ ತಡವರಿಸಬೇಕಾಗಿಲ್ಲ. ಬೆಲೆಯ ಚೀಟಿಗಿಂತ ಮೊದಲು ಹೆಸರಿನ ಚೀಟಿಯನ್ನು ಓದಬೇಕು. ಯಾವ ದ್ರಾಕ್ಷಿ, ಯಾವ ಸೀಮೆ, ಯಾವ ವರ್ಷ, ಮದ್ಯಸಾರ ಎಷ್ಟು — ಈ ನಾಲ್ಕೂ ಸ್ಪಷ್ಟವಾಗಿ ಬರೆದ ಸೀಸೆಯೇ ನಂಬತಕ್ಕದ್ದು. ಊಟದ ಮದ್ಯದಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 12ರಿಂದ 14. ಮೊದಲ ಸಲಕ್ಕೆ ಶಿರಾಜ್ ದ್ರಾಕ್ಷಿಯದು ಮೃದು. ಕೆಬರ್ನೆ ಸೊವಿನ್ಯೋ ಹೆಚ್ಚು ಒಗರು. ಆ ಒಗರು ಹಣ್ಣಿನ ಸಿಪ್ಪೆ ಬೀಜಗಳಿಂದ ಇಳಿಯುವ ಟ್ಯಾನಿನ್. ಮಲೆನಾಡಿನವರು ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಲ್ಲದ್ದೇ. ಪರದೇಶದ ಸೀಸೆಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಸುಂಕಕ್ಕೂ ಸಾಗಾಣಿಕೆಗೂ ಹೋಗುವುದರಿಂದ, ಕೈಬಿಗಿಯಿರುವವನಿಗೆ ನಾಡಿನ ಸೀಸೆಯೇ ಲಾಭ. ಅಗ್ಗದ ಕೆಂಪು ಹಳೆಯದಾದಷ್ಟೂ ಶ್ರೇಷ್ಠವೆಂಬುದು ತಪ್ಪು ಕಲ್ಪನೆ. ಇತ್ತೀಚಿನ ವರ್ಷದ್ದನ್ನೇ ಕೊಳ್ಳಬೇಕು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತದ್ದು ಬೇಡ. ತಿರುಪಿನ ಮುಚ್ಚಳವಿದ್ದರೆ ಕೀಳೆಂದು ತಿಳಿಯಬೇಕಾಗಿಲ್ಲ. ಅರ್ಧ ಸೀಸೆ ದೊರೆತರೆ ಅದರಿಂದಲೇ ಮೊದಲುಮಾಡುವುದು ಜಾಣತನ. ನಮ್ಮ ಸೆಕೆಯಲ್ಲಿ ಕೆಂಪು ಮದ್ಯವನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬಹುದು. ತೆರೆದ ಮೇಲೆ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬಾಳದು.

ಉಳಿದುದು ಹೃದಯದ ಮಾತು. 1991ರಲ್ಲಿ ಅಮೆರಿಕದ ಒಂದು ಟೆಲಿವಿಷನ್ ಕಾರ್ಯಕ್ರಮ, ಫ್ರೆಂಚರಿಗೆ ಹೃದ್ರೋಗ ಕಡಮೆಯಿರುವುದಕ್ಕೆ ಕೆಂಪು ಮದ್ಯ ಕಾರಣವಿರಬಹುದೆಂದು ಸಾರಿದಾಗಿನಿಂದ ಈ ಮಾತು ಲೋಕವೆಲ್ಲ ಹಬ್ಬಿತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಬಾಧೆಯಿಲ್ಲವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ಹೇಳಿತು. ರುಚಿಗಾಗಿ ಕುಡಿಯುವವನು ರುಚಿಗಾಗಿ ಎಂದೇ ಹೇಳಿಕೊಳ್ಳಬೇಕು. ಔಷಧವೆಂದು ಕುಡಿದರೆ, ಒಳಗಿನ ಸಕ್ಕರೆಯನ್ನು ಲೆಕ್ಕ ಹಾಕುವವರಾರು?

ದೀಪಾವಳಿಗೆ ಮತ್ತೆ ಕುಂಸಿಗೆ ಹೋದೆ. ಅಷ್ಟರಲ್ಲಿ ಚಿಕ್ಕಪ್ಪ ನನ್ನ ಬಲವಂತಕ್ಕೆ ಡಾಕ್ಟರನ್ನು ಕೇಳಿದ್ದರು. ಅವರು ಎಂದಿದ್ದಂತೆಯೇ ಡಾಕ್ಟರು ಬೇಡವೆಂದಿದ್ದರು. ಬೆಂಗಳೂರಿನಿಂದ ಬಂದಿದ್ದ ಅವರ ಮಗ ನಂದಿ ಕಣಿವೆಯ ಒಂದು ಶಿರಾಜ್ ತಂದಿದ್ದ. ರಾತ್ರಿ ಊಟಕ್ಕೆ ಮೊದಲು ನಾನೂ ಅವನೂ ಒಂದೊಂದು ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡೆವು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ಮಧುಪಾನದ ಮೊದಲ ಗುಟುಕು ಅದು.

ಚಿಕ್ಕಪ್ಪ ನನ್ನ ಲೋಟವನ್ನು ಮೂಸಿ ನೋಡಿ, ಬೆರಳ ತುದಿಯನ್ನು ಅದ್ದಿ ನಾಲಗೆಗೆ ಮುಟ್ಟಿಸಿದರು. “ಇದು ಚೊಗರಲ್ಲವೇನೋ! ಇದಕ್ಕೆ ದುಡ್ಡು ಬೇರೆ ಕೊಟ್ಟಿರಾ?” ಎಂದು ಲೋಟವನ್ನು ಹಿಂದಕ್ಕೆ ತಳ್ಳಿದರು.

ಔಷಧದ ಗೂಡಿನತ್ತ ನೋಡಿದೆ. ದ್ರಾಕ್ಷಾರಿಷ್ಟವೂ ಇರಲಿಲ್ಲ. “ಅದರಲ್ಲೂ ಬೆಲ್ಲ ಉಂಟಂತೆ. ಡಾಕ್ಟರು ಅದನ್ನೂ ಬಿಡಿಸಿದರು” ಎಂದು ಚಿಕ್ಕಮ್ಮ ಒಳಗಿನಿಂದ ಹೇಳಿದರು.