ಹಿಸ್ಟೀರಿಯಾ: ಗರ್ಭಕೋಶದಿಂದ ಸ್ವಭಾವದವರೆಗೆ

ಗ್ರೀಕಿನಲ್ಲಿ ‘ಹಿಸ್ಟೆರಾ’ ಎಂದರೆ ಗರ್ಭಕೋಶ. ಹೆಣ್ಣಿಗೆ ಉಸಿರುಗಟ್ಟಿದರೆ ಆ ಅಂಗ ಜಾಗ ಬಿಟ್ಟು ಮೈಯೊಳಗೆ ಅಲೆಯುತ್ತಿದೆ ಎಂದು ಪ್ರಾಚೀನ ಗ್ರೀಕರಲ್ಲಿ ನಂಬಿಕೆಯಿತ್ತು. ‘ಹಿಸ್ಟೀರಿಯಾ’ ಚಿಗುರಿದ್ದು ಈ ಬೇರಿನಿಂದ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ನರವೈದ್ಯ ಶಾರ್ಕೊ ಅದನ್ನು ನರಗಳ ಕಾಯಿಲೆ ಎಂದ, ಗಂಡಸರಲ್ಲೂ ಗುರುತಿಸಿದ.

ಈ ಪದ ಮನೆಯ ಹೊಸ್ತಿಲಿಗೆ ಬಂದದ್ದು 1896ರ ಏಪ್ರಿಲ್‌ನಲ್ಲಿ. ತಾನು ನೋಡಿದ 18 ಹಿಸ್ಟೀರಿಯಾ ರೋಗಿಗಳ ನೋವಿನ ಬುಡದಲ್ಲೂ ಬಾಲ್ಯದ ಲೈಂಗಿಕ ದೌರ್ಜನ್ಯವಿದೆ, ಎಸಗಿದವರಲ್ಲಿ ಹತ್ತಿರದ ಬಂಧುಗಳೂ ಇದ್ದಾರೆ ಎಂದು ಫ್ರಾಯ್ಡ್ ವಿಯೆನ್ನಾದ ವೈದ್ಯರ ಸಭೆಯಲ್ಲಿ ಹೇಳಿದ. ಅಧ್ಯಕ್ಷನಾಗಿದ್ದ ಕ್ರಾಫ್ಟ್-ಎಬಿಂಗ್ ಅದನ್ನು ಕಟ್ಟುಕಥೆಗೆ ಹೋಲಿಸಿದ. ಮರುವರ್ಷ ಫ್ರಾಯ್ಡನೇ ಹಿಂದೆ ಸರಿದ. ಎಲ್ಲರಿಗೂ ಒಂದೇ ಕಾರಣ ಹೇಳಿದ್ದು ಅತಿಯಾಗಿತ್ತು, ನಿಜ. ಆದರೆ ಆ ವಾದದ ಜೊತೆಗೆ, ಕೇಳಲೇಬೇಕಾದ ಪ್ರಶ್ನೆಯೂ ಮೂಲೆ ಸೇರಿತು: ಈಕೆಗೆ ಮನೆಯಲ್ಲಿ ಏನಾಯಿತು? ಪದದ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಲಕುವ ತಿರುವು ಇದೇ.

ಮುಂದೆ ಕಾಯಿಲೆಯ ಹೆಸರು ಸ್ವಭಾವಕ್ಕೆ ಅಂಟಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-3 ಹಿಸ್ಟೀರಿಯಾವನ್ನು ಕೈಬಿಟ್ಟು, ‘ಹಿಸ್ಟ್ರಿಯಾನಿಕ್’ ವ್ಯಕ್ತಿತ್ವ ದೋಷವನ್ನು ಇಟ್ಟುಕೊಂಡಿತು. ಕೇಳಲು ಹತ್ತಿರವಾದರೂ ಇದರ ಮೂಲ ಬೇರೆ. ಲ್ಯಾಟಿನ್ನಿನ ‘ಹಿಸ್ಟ್ರಿಯೊ’ ಎಂದರೆ ನಟ. ನರಳುವವಳು ನಟಿಸುತ್ತಿದ್ದಾಳೆ ಎಂಬ ಆರೋಪ ಹೆಸರಿನಲ್ಲೇ ಸೇರಿಕೊಂಡಿತು. ‘ಬಾರ್ಡರ್‌ಲೈನ್’ ವ್ಯಕ್ತಿತ್ವ ದೋಷ (ಭಾವನೆಗಳೂ ಸಂಬಂಧಗಳೂ ತೀವ್ರವಾಗಿ ಏರುಪೇರಾಗುವುದು) ಮತ್ತು ಆಘಾತದ ನಂತರದ ಕಾಯಿಲೆ ಪಿಟಿಎಸ್‌ಡಿ ಎರಡೂ ಮೊದಲ ಸಲ ಕಾಣಿಸಿಕೊಂಡದ್ದು ಅದೇ ಕೈಪಿಡಿಯಲ್ಲಿ, ಬೇರೆ ಬೇರೆ ಅಧ್ಯಾಯಗಳಲ್ಲಿ.

ಆ ಅಧ್ಯಾಯಗಳನ್ನು ಒಟ್ಟಿಗಿಟ್ಟು ಓದಿದವರು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್. 1989ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ, ಬಾರ್ಡರ್‌ಲೈನ್ ರೋಗಿಗಳ ಪೈಕಿ ನೂರಕ್ಕೆ 81 ಮಂದಿ ಬಾಲ್ಯದ ಗಂಭೀರ ಆಘಾತಗಳನ್ನು ಹೇಳಿಕೊಂಡಿದ್ದರು. ಒಂದು ಕಾಲಕ್ಕೆ ಹಿಸ್ಟೀರಿಯಾ ಎನಿಸಿಕೊಂಡವರ ಸಾಲಿಗೇ ಇವರೂ ಸೇರಿದವರು ಎಂಬುದು 1992ರ ಪುಸ್ತಕದಲ್ಲಿ ಹರ್ಮನ್ ಮುಂದಿಟ್ಟ ವಾದ. ಅನ್ನ ಹಾಕುವ ಕೈಯೇ ಹೊಡೆಯುವಾಗ ಮಗು ಅಪ್ಪಿಕೊಳ್ಳುವುದನ್ನೂ ಬೆದರಿ ಓಡುವುದನ್ನೂ ಒಟ್ಟಿಗೆ ಕಲಿಯುತ್ತದೆ. ಬೆಳೆದ ಮೇಲೆ ಗಂಡನೊಡನೆ, ಗೆಳತಿಯೊಡನೆ ಅದೇ ಪಾಠ ಮರುಕಳಿಸಿದಾಗ ಸುತ್ತಲಿನವರು ‘ಅವಳ ಬುದ್ಧಿಯೇ ಅಷ್ಟು’ ಎಂದುಬಿಡುತ್ತಾರೆ. ಆದರೆ ಇದರಲ್ಲಿ ಹುಟ್ಟುಗುಣದ ಪಾಲೂ ಇದೆ. ದೌರ್ಜನ್ಯವನ್ನೇ ಕಾಣದವರಲ್ಲೂ ಈ ತೊಂದರೆಯುಂಟು. ಹಾಗಾಗಿ ಪ್ರತಿ ರೋಗಿಯ ಹೆತ್ತವರನ್ನೂ ಕಟಕಟೆಗೆ ತರುವುದು ಅನ್ಯಾಯ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, ದೀರ್ಘಕಾಲದ ಆಘಾತದ ಫಲವಾದ ‘ಸಂಕೀರ್ಣ ಪಿಟಿಎಸ್‌ಡಿ’ಗೆ ಸ್ಥಾನ ಕೊಟ್ಟಿತು, ‘ಹಿಸ್ಟ್ರಿಯಾನಿಕ್’ ಎಂಬ ಪ್ರತ್ಯೇಕ ದೋಷವನ್ನು ಬಿಟ್ಟುಬಿಟ್ಟಿತು. ಅಮೆರಿಕದ ಕೈಪಿಡಿಯಲ್ಲಿ ಅದು ಇನ್ನೂ ಅಚ್ಚಾಗುತ್ತಿದೆ.