ಕೊಪ್ಪಳ ಸೀಮೆಯ ಹಳೆಯ ಸಂಗೀನುಗಳು: ಕಾಲನಿರ್ಣಯ ಮತ್ತು ವಿಕ್ರಯ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಳೆಯ ಸಂಗೀನು, ಎಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್ಟು, ದೊರೆತಾಗ ಅದಕ್ಕೆ ಎರಡು ಘಟನೆಗಳ ಹೆಸರನ್ನು ಅಂಟಿಸುವುದು ಸುಲಭ. ಟಿಪ್ಪುವಿನ ವಶದಲ್ಲಿದ್ದ ಕೊಪ್ಪಳದ ಕೋಟೆಗೆ 1790-91ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೇನೆಗಳು ಹಾಕಿದ ಮುತ್ತಿಗೆ ಒಂದು. 1858ರಲ್ಲಿ ಅದೇ ಕೋಟೆಯಲ್ಲಿ ಮುಂಡರಗಿ ಭೀಮರಾಯನು ಹೋರಾಡಿ ಮಡಿದುದು ಇನ್ನೊಂದು. ಇಂತಹ ಹೆಸರಿನಿಂದ ಬೆಲೆ ಏರಬಹುದು. ಇತಿಹಾಸಕ್ಕಾದರೋ ವಸ್ತುವಿನ ಸಾಕ್ಷ್ಯವೇ ಪ್ರಮಾಣ.

ಮುತ್ತಿಗೆಯ ಕಾಲದ ಇಂಗ್ಲಿಷ್ ಸಂಗೀನಿಗೆ ಮೂರು ಮುಖದ ಅಲಗೂ ನಳಿಗೆಯ ಮೇಲೆ ಕೂರುವ ಕೊಳವೆಯೂ ಇದ್ದುವು; ಕೊಳವೆಯಲ್ಲಿ ವಕ್ರವಾದ ಸೀಳು ಮಾತ್ರವಿತ್ತು. 1853ರ ಎನ್‌ಫೀಲ್ಡ್ ಮಾದರಿಯಲ್ಲಿ ಆ ಕೊಳವೆಗೆ ತಿರುಗುವ ಬಳೆಯೊಂದು ಸೇರಿತು. ಆದರೆ ಹಿಂದಿನ ಫ್ರೆಂಚ್ ಸಂಗೀನುಗಳಲ್ಲಿಯೂ ಬಳೆಯಿದ್ದುದರಿಂದ, ಕೊಳವೆಯ ವ್ಯಾಸವನ್ನೂ ಮುದ್ರೆಗಳನ್ನೂ ಕೂಡಿಯೇ ಪರೀಕ್ಷಿಸಬೇಕು.

ಕತ್ತಿಯಂತೆ ಚಪ್ಪಟೆಯಾದ, ಸುಮಾರು 43 ಸೆಂಟಿಮೀಟರ್ ಉದ್ದದ ಅಲಗಿನ ಮೇಲೆ ಕಿರೀಟವೂ ‘1907’ ಎಂಬ ಅಂಕಿಯೂ ಇದ್ದರೆ, ಅದು ಮಾದರಿಯ ವರ್ಷವೇ ಹೊರತು ತಯಾರಿಕೆಯ ವರ್ಷವಲ್ಲ. ತಯಾರಿಕೆಯ ಕಾಲವನ್ನು ಬೇರೆಯಾಗಿ ಒತ್ತಿರುತ್ತಾರೆ. ‘ಆರ್. ಎಫ್. ಐ.’ ಎಂಬುದು ಬಂಗಾಳದ ಈಶಾಪುರ ಕಾರ್ಖಾನೆಯ ಗುರುತು. ಇಂತಹ ಆಯುಧಕ್ಕೂ ಭೀಮರಾಯನಿಗೂ ಸಂಬಂಧ ಕಲ್ಪಿಸುವುದು ಅಸಾಧ್ಯ.

ಮಾರುವವರು ತುಕ್ಕನ್ನು ಅರದಿಂದ ಉಜ್ಜಬಾರದು. ಮುದ್ರೆಯೊಡನೆ ಬೆಲೆಯೂ ಅಳಿಯುತ್ತದೆ. ನೂರು ವರ್ಷ ಮೀರಿದ ಚಾರಿತ್ರಿಕ ವಸ್ತುವಿನ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಪರವಾನಗಿ ಅವಶ್ಯಕ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. 1959ರ ಆಯುಧ ಕಾಯಿದೆಯನ್ನೂ ಗಮನಿಸತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ಸಂಗೀನು ಯಾವ ಊರಿನಲ್ಲಿ, ಯಾವ ಸ್ಥಳದಲ್ಲಿ ದೊರೆಯಿತೆಂಬುದನ್ನು ಬರೆದು ಅದರೊಡನೆ ಇರಿಸಬೇಕು. ಆ ಬರಹವಿಲ್ಲದೆ ಕೈ ಬದಲಾದ ಸಂಗೀನು ಸಂಗ್ರಾಹಕನಿಗೆ ಒಡವೆಯಾದೀತು. ಈ ಸೀಮೆಯ ಚರಿತ್ರೆಗೆ ಆಧಾರವಾಗಲಾರದು.