ಎಫ್‌ಐ ಇರುವ ಮರ ಕುಯ್ಯುವ ಮಿಷನ್‌ಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಬೇಕಿಲ್ಲವೇ? ಬಿಚ್ಚಿ ನೋಡೋಣ

ತೆಂಗು, ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ನೀವಿದ್ದರೆ ಈ ಮೆಸೇಜ್ ನಿಮಗೂ ಬಂದಿರಬಹುದು. ಈಗ ಬರುವ ಮರ ಕುಯ್ಯುವ ಮಿಷನ್‌ಗಳಲ್ಲಿ ಬೈಕ್‌ನಂತೆ ಫ್ಯುಯೆಲ್ ಇಂಜೆಕ್ಷನ್ ಇದೆ, ಒಳಗೆ ಕಂಪ್ಯೂಟರ್ ಇದೆ, ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಡಿ, ಬೆರೆಸಿದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ ಎಂಬುದು ಅದರ ಸಾರಾಂಶ. ಜೊತೆಗೆ ಇನ್ನೂ ಎರಡು ಮಾತು ಸೇರಿಕೊಂಡಿರುತ್ತವೆ: ಬ್ಯಾಟರಿ ಇಳಿದರೆ ಮಿಷನ್ ಕೆಟ್ಟಂತೆ, ಕೈಗೆ ತಾಗಿದರೆ ಕಂಪ್ಯೂಟರ್ ತಾನೇ ಚೈನ್ ನಿಲ್ಲಿಸುತ್ತದೆ.

ಮೂರೂ ತಪ್ಪು. ಮೊದಲನೆಯದನ್ನು ನಂಬಿದರೆ ಹೊಸ ಮಿಷನ್ ಸ್ವಲ್ಪ ಹೊತ್ತಿನಲ್ಲೇ ಹಾಳಾಗುತ್ತದೆ. ಮೂರನೆಯದನ್ನು ನಂಬಿದರೆ ಕೈಕಾಲು ಹೋಗುತ್ತದೆ.

ನನಗೆ ಈ ಮೆಸೇಜ್ ಬರೀ ಓದಿ ಬಿಡುವ ವಿಷಯವಾಗಿರಲಿಲ್ಲ. ಕುಣಿಗಲ್ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಸೋದರಮಾವ ಹೊಸ ಮಿಷನ್ ತಂದ ಮೂರನೇ ದಿನ, ಒಣಗಿದ ತೆಂಗಿನ ಮರ ಉರುಳಿಸುವಾಗ ಅದು ಕಿರ್ರೆಂದು ನಿಂತುಬಿಟ್ಟಿತು. ಹಗ್ಗ ಎಳೆದರೆ ಅಲ್ಲಾಡಲೂ ಇಲ್ಲ. ತುಮಕೂರಿಗೆ ತಂದು, ಸ್ಪ್ರೇ ಪಂಪು, ವೀಡ್ ಕಟರ್ ರಿಪೇರಿ ಮಾಡುವ ಒಂದು ಚಿಕ್ಕ ಅಂಗಡಿಯ ಮೇಜಿನ ಮೇಲೆ ಇಟ್ಟೆವು. ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರೇ, ಆಯಿಲ್ ಹಾಕಿಲ್ವಾ?"

"ಹಾಕಿದೀನಲ್ಲಪ್ಪ, ಟ್ಯಾಂಕ್ ತುಂಬ ಹಾಕಿದೀನಿ."

ಎಡವಟ್ಟು ಇರುವುದು ಇಲ್ಲೇ. ಚೈನ್‌ಸಾಗೆ ಎರಡು ಮುಚ್ಚಳ, ಎರಡು ಟ್ಯಾಂಕ್. ಒಂದು ಪೆಟ್ರೋಲಿನದು. ಇನ್ನೊಂದು ಚೈನಿಗೆ ಎಣ್ಣೆ ಉಣಿಸುವುದು, ಅದರ ಎಣ್ಣೆ ಎಂಜಿನ್ನಿನ ಒಳಗೆ ಒಂದು ಹನಿಯೂ ಹೋಗುವುದಿಲ್ಲ. ಮಾವ ಆ ಟ್ಯಾಂಕ್ ತುಂಬಿಸಿದ್ದರು. ಪೆಟ್ರೋಲ್ ಟ್ಯಾಂಕಿಗೆ ಬಂಕಿನಿಂದ ತಂದ ಬರೀ ಪೆಟ್ರೋಲ್ ಸುರಿದಿದ್ದರು. ಎರಡು ಟ್ಯಾಂಕ್ ಕಂಡ ಯಾರಿಗೇ ಆದರೂ ಮೆಸೇಜ್ ಹೇಳಿದ್ದು ಸರಿ ಅನ್ನಿಸಿಬಿಡುತ್ತದೆ. ಎಣ್ಣೆಗೆ ಬೇರೆ ಜಾಗವೇ ಇದೆಯಲ್ಲ, ಮತ್ತೆ ಬೆರೆಸುವುದು ಯಾಕೆ?

ಇನ್ನೊಂದು ವಿಷಯ ಮೇಲಿನ ಮುಚ್ಚಳ ತೆಗೆದಾಗ ಗೊತ್ತಾಯಿತು. ಆ ಮಿಷನ್‌ನಲ್ಲಿ ಫ್ಯುಯೆಲ್ ಇಂಜೆಕ್ಷನ್ನೇ ಇರಲಿಲ್ಲ! ಏರ್ ಫಿಲ್ಟರ್ ಹಿಂದೆ ಮಾಮೂಲಿ ಕಾರ್ಬ್ಯುರೇಟರ್ ಕೂತಿತ್ತು. ಡಬ್ಬದ ಮೇಲೆ ಎಲೆಕ್ಟ್ರಾನಿಕ್ ಇಗ್ನಿಷನ್ ಎಂದು ಬರೆದಿದ್ದನ್ನು ನೋಡಿ ಮಾವ ಅದೇ ಎಫ್‌ಐ ಎಂದುಕೊಂಡಿದ್ದರು. ಎಲೆಕ್ಟ್ರಾನಿಕ್ ಇಗ್ನಿಷನ್ ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆ ಅಷ್ಟೇ. ಪೆಟ್ರೋಲ್ ಒಳಗೆ ಹೋಗುವ ದಾರಿಗೂ ಅದಕ್ಕೂ ಸಂಬಂಧವಿಲ್ಲ.

ಒಳಗೆ ಏನಾಗಿತ್ತು

ಎಂಜಿನ್ ಪೂರ್ತಿ ಬಿಚ್ಚದೆಯೇ ರೋಗ ಹಿಡಿಯಲು ಒಂದು ದಾರಿ ಇದೆ. ಸೈಲೆನ್ಸರ್ ಬಿಚ್ಚಿ, ಹೊಗೆ ಹೊರಬರುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೈ ಕಾಣುತ್ತದೆ. ಚೆನ್ನಾಗಿರುವ ಪಿಸ್ಟನ್ ನುಣುಪಾಗಿ, ಎಣ್ಣೆ ಪಸೆಯಿಂದ ಹೊಳೆಯುತ್ತಿರುತ್ತದೆ. ಇದರ ಮೈಮೇಲೆ ಉದ್ದುದ್ದ ಗೀರುಗಳು. ಸಿಲಿಂಡರ್ ಕಳಚಿದಾಗ ಗೀರು ಒಂದು ಕಡೆ ಮಾತ್ರವಲ್ಲ, ಸುತ್ತಲೂ ಇತ್ತು. ಕೆಳಗಿನ ಕ್ರ್ಯಾಂಕ್‌ಕೇಸ್ ಒಣಗಿತ್ತು. ಅಲ್ಲಿ ಕೈ ಇಟ್ಟರೆ ಬೆರಳಿಗೆ ಜಿಡ್ಡು ಹತ್ತಬೇಕು, ಹತ್ತಲಿಲ್ಲ.

ಇಷ್ಟು ಬೇಗ ಯಾಕೆ? ಚೈನ್‌ಸಾ ಎಂಜಿನ್ ಟೂ-ಸ್ಟ್ರೋಕ್. ಪಿಸ್ಟನ್ ಮೇಲೇರಿದಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಬರುವುದು ಕೆಳಗಿನ ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಇಳಿದಾಗ ಆ ಮಿಶ್ರಣ ಪಕ್ಕದ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಕ್ರ್ಯಾಂಕ್ ಶಾಫ್ಟ್, ಕನೆಕ್ಟಿಂಗ್ ರಾಡ್, ಅದರ ಸೂಜಿಯಂಥ ಬೇರಿಂಗ್‌ಗಳು ಎಲ್ಲವೂ ಈ ಮಿಶ್ರಣ ಹಾದುಹೋಗುವ ಕೋಣೆಯಲ್ಲೇ ತಿರುಗುತ್ತವೆ. ಬೈಕ್ ಎಂಜಿನ್ನಿನ ಹಾಗೆ ತಳದಲ್ಲಿ ಆಯಿಲ್ ನಿಲ್ಲಲು ಇಲ್ಲಿ ಜಾಗವೇ ಇಲ್ಲ. ಮಿಷನ್ನನ್ನು ಅಡ್ಡ ಹಿಡಿದೂ ಮರ ಕುಯ್ಯುತ್ತಾರೆ, ತಲೆಕೆಳಗೆ ಹಿಡಿದೂ ಕುಯ್ಯುತ್ತಾರೆ. ತಳದಲ್ಲಿ ಆಯಿಲ್ ನಿಲ್ಲಿಸುವ ಎಂಜಿನ್ನಾದರೆ ಅದು ಎಲ್ಲಿಗೆ ಹರಿಯುತ್ತಿತ್ತೋ! ಹಾಗಾಗಿ ಪೆಟ್ರೋಲಿನಲ್ಲಿ ಬೆರೆತು ಬರುವ ಆಯಿಲ್ಲೇ ಈ ಭಾಗಗಳಿಗೆ ದಕ್ಕುವ ಏಕೈಕ ಎಣ್ಣೆ. ಅದು ಇಲ್ಲದಿದ್ದರೆ ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾಗಿ ಹಿಗ್ಗಿ, ಸಿಲಿಂಡರಿನ ಗೋಡೆಗೆ ಉಜ್ಜಿ, ಕೊನೆಗೆ ಅಂಟಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಸೀಜ್ ಆಯ್ತು ಅನ್ನುವುದು ಇದಕ್ಕೇ.

ನಮ್ಮ ಹಿಂದಿನ ತಲೆಮಾರಿಗೆ ಇದು ಹೊಸದೇನಲ್ಲ. ಹಳೇ ಟಿವಿಎಸ್ ಎಕ್ಸ್‌ಎಲ್‌ಗೆ ಬಂಕಿನಲ್ಲಿ ಟೂ-ಟಿ ಆಯಿಲ್ ಸೇರಿಸಿ ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದದ್ದು ಅವರಿಗೆ ನೆನಪಿರುತ್ತದೆ. ಆಮೇಲೆ ಗಾಡಿಗಳೆಲ್ಲ ಫೋರ್-ಸ್ಟ್ರೋಕ್ ಆದವು, ಆಯಿಲ್ ಬೆರೆಸುವುದು ನಿಂತಿತು. ಅದಾಗಿ ಎಷ್ಟೋ ವರ್ಷಕ್ಕೆ, 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಹೆಚ್ಚಿನ ಬೈಕ್‌ಗಳಿಗೆ ಎಫ್‌ಐ ಬಂತು. ಮೆಸೇಜ್ ಬರೆದವರು ಈ ಎರಡನ್ನೂ ಒಂದು ಮಾಡಿಬಿಟ್ಟಿದ್ದಾರೆ. ಬೈಕಿಗೆ ಆಯಿಲ್ ಬೆರೆಸುವುದು ನಿಂತಿದ್ದು ಎಫ್‌ಐ ಬಂದದ್ದರಿಂದ ಅಲ್ಲ, ಎಂಜಿನ್ನಿನ ಜಾತಿಯೇ ಬದಲಾದದ್ದರಿಂದ.

ನಿಜವಾದ ಎಫ್‌ಐ ಮಿಷನ್ ಬಿಚ್ಚಿದರೆ

ಹಾಗಂತ ಎಫ್‌ಐ ಚೈನ್‌ಸಾ ಅನ್ನುವುದೇ ಸುಳ್ಳಲ್ಲ. ಜರ್ಮನಿಯ ಸ್ಟಿಲ್ ಕಂಪನಿ ಮೊದಲು ಕಾಂಕ್ರೀಟ್ ಕತ್ತರಿಸುವ ಟಿಎಸ್ 500ಐ ಎಂಬ ಕೈ ಮಿಷನ್‌ಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಅಳವಡಿಸಿತು. ಆನಂತರ ಬಂದದ್ದು ಎಂಎಸ್ 500ಐ ಚೈನ್‌ಸಾ. 79.2 ಸಿಸಿ ಎಂಜಿನ್, 5 ಕಿಲೋವ್ಯಾಟ್ ಶಕ್ತಿ, ಬಾರ್ ಮತ್ತು ಚೈನ್ ಬಿಟ್ಟು 6.2 ಕಿಲೋ ತೂಕ. ಹೋಲಿಕೆಗೆ ನಮ್ಮ ಸ್ಪ್ಲೆಂಡರ್ ಪ್ಲಸ್ ತೆಗೆದುಕೊಳ್ಳಿ: 97.2 ಸಿಸಿ, ಸುಮಾರು 5.9 ಕಿಲೋವ್ಯಾಟ್. ಹೆಚ್ಚುಕಮ್ಮಿ ಒಂದು ಬೈಕಿನ ಶಕ್ತಿಯನ್ನು ಕೈಯಲ್ಲಿ ಎತ್ತಿ ಹಿಡಿದಂತೆ.

ಮೇಜಿನ ಮೇಲೆ ಮಾವನ ಮಿಷನ್, ಪಕ್ಕದಲ್ಲಿ ಫೋನಿನಲ್ಲಿ ಎಂಎಸ್ 500ಐ ಬಿಡಿಭಾಗಗಳ ಚಿತ್ರ. ಎರಡನ್ನೂ ಹೋಲಿಸುತ್ತಾ ಹೋದೆವು. ಪಿಸ್ಟನ್, ಸಿಲಿಂಡರ್, ಕ್ರ್ಯಾಂಕ್, ಕ್ಲಚ್, ಹಗ್ಗದ ಸ್ಟಾರ್ಟರ್ ಎಲ್ಲ ಅದೇ ಬಗೆಯವು. ವ್ಯತ್ಯಾಸ ಇರುವುದು ಏರ್ ಫಿಲ್ಟರ್‌ನಿಂದ ಒಳಗೆ. ಅಲ್ಲಿ ಕಾರ್ಬ್ಯುರೇಟರ್ ಇಲ್ಲ, ಗಾಳಿಯನ್ನು ಮಾತ್ರ ಬಿಡುವ ಒಂದು ಕವಾಟವಿದೆ. ಪೆಟ್ರೋಲ್ ಬರುವುದು ಬೇರೆ ದಾರಿಯಲ್ಲಿ: ಒಂದು ಪುಟ್ಟ ಇಂಜೆಕ್ಟರ್ ಅದನ್ನು ನೇರ ಕ್ರ್ಯಾಂಕ್‌ಕೇಸಿನೊಳಕ್ಕೇ ಚಿಮ್ಮಿಸುತ್ತದೆ. ಒಳಗಿನ ಒತ್ತಡ, ಉಷ್ಣತೆ ನೋಡಲು ಸೆನ್ಸರ್ ಇದೆ. ಅದರ ಲೆಕ್ಕ ತೆಗೆದುಕೊಂಡು, ಈ ಸುತ್ತಿಗೆ ಎಷ್ಟು ಪೆಟ್ರೋಲ್ ಬೇಕು ಎಂದು ಒಂದು ಕಂಟ್ರೋಲ್ ಯೂನಿಟ್ ನಿರ್ಧರಿಸುತ್ತದೆ. ಮೆಸೇಜಿನವರು ಕಂಪ್ಯೂಟರ್ ಅಂದದ್ದು ಇದನ್ನೇ. ಪೂರ್ತಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 13,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 200ಕ್ಕೂ ಹೆಚ್ಚು. ಒಂದೊಂದು ಸುತ್ತಿಗೂ ಪೆಟ್ರೋಲ್ ಅಳೆಯಬೇಕು. ಅದನ್ನು ಮಾಡುವ ಭಾಗಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು ಅನ್ನುವುದು ನನಗಂತೂ ಬೆರಗು.

ಇಂಜೆಕ್ಟರ್ ಪೆಟ್ರೋಲನ್ನು ಚಿಮ್ಮುವ ಜಾಗವನ್ನು ಗಮನಿಸಿ. ಕ್ರ್ಯಾಂಕ್, ಬೇರಿಂಗ್ ಇರುವ ಅದೇ ಕೋಣೆ. ಪೆಟ್ರೋಲಿನಲ್ಲಿ ಆಯಿಲ್ ಇದ್ದರೆ ಅದೂ ಅಲ್ಲಿಗೇ ಬೀಳುತ್ತದೆ, ಇಲ್ಲದಿದ್ದರೆ ಬೀಳುವುದು ಬರೀ ಪೆಟ್ರೋಲ್. ಬೇರೆಲ್ಲಿಂದಲೂ ಎಣ್ಣೆ ಬರುವ ದಾರಿ ಚಿತ್ರದಲ್ಲಿಲ್ಲ. ಇಂಜೆಕ್ಟರ್ ಮಾಡಿರುವುದೇ ಆಯಿಲ್ ಬೆರೆಸಿದ ಪೆಟ್ರೋಲ್ ಚಿಮ್ಮಿಸಲು. ಹಾಗಾಗಿ ಕಟ್ಟಿಕೊಳ್ಳುತ್ತದೆ ಎಂಬ ಮಾತಿಗೆ ಅರ್ಥವಿಲ್ಲ. ಕಟ್ಟಿಕೊಳ್ಳುವುದು ಕಸ ಬಿದ್ದ ಪೆಟ್ರೋಲಿನಿಂದ, ತಿಂಗಳುಗಟ್ಟಲೆ ಕ್ಯಾನಿನಲ್ಲಿ ಇಟ್ಟ ಪೆಟ್ರೋಲಿನಿಂದ.

ಬ್ಯಾಟರಿಯ ಮಾತೂ ಹೀಗೇ. ಇದರಲ್ಲಿ ಬ್ಯಾಟರಿಯೇ ಇಲ್ಲ. ಹಗ್ಗ ಎಳೆದಾಗ ಎಂಜಿನ್ ಜೊತೆ ತಿರುಗುವ ಚಿಕ್ಕ ಜನರೇಟರ್ ಕರೆಂಟ್ ಹುಟ್ಟಿಸುತ್ತದೆ. ಸೆನ್ಸರ್, ಇಂಜೆಕ್ಟರ್ ಎಲ್ಲಕ್ಕೂ ಅದೇ ಸಾಕು.

ಮೆಸೇಜಿನಲ್ಲಿ ನಿಜದ ಅಂಶ ಏನೂ ಇಲ್ಲವೇ ಅಂದರೆ, ಇದೆ. ಎಫ್‌ಐ ಮಿಷನ್‌ಗೆ ಚೋಕ್ ಬೇಡ, ಸ್ಕ್ರೂ ತಿರುಗಿಸಿ ಟ್ಯೂನ್ ಮಾಡುವ ಕೆಲಸವೂ ಇಲ್ಲ. ಚಳಿ, ಬಿಸಿಲು, ಎತ್ತರದ ಜಾಗ, ಧೂಳು ಕೂತ ಫಿಲ್ಟರ್, ಇವಕ್ಕೆ ತಕ್ಕಂತೆ ಪೆಟ್ರೋಲನ್ನು ಅದೇ ಹೊಂದಿಸಿಕೊಳ್ಳುತ್ತದೆ. ಮಾಮೂಲಿ ಮಿಷನ್‌ನಲ್ಲಿ ಅದನ್ನು ಮಾಡುವುದು ಮೆಕ್ಯಾನಿಕ್‌ನ ಕಿವಿ ಮತ್ತು ಸ್ಕ್ರೂಡ್ರೈವರ್. ನಮ್ಮ ಮೆಕ್ಯಾನಿಕ್‌ಗೆ ಚಿತ್ರ ನೋಡಿ ಖುಷಿಯೇನೂ ಆಗಲಿಲ್ಲ. ಪಿಸ್ಟನ್, ಕ್ಲಚ್ ಬಿಚ್ಚುವುದು ಕಷ್ಟವಲ್ಲ, ಆದರೆ ಸೆನ್ಸರ್ ಕೈಕೊಟ್ಟರೆ ಕಂಪನಿಯ ಪರೀಕ್ಷಾ ಉಪಕರಣ ಇಲ್ಲದೆ ಕೈ ಹಾಕುವುದು ಹೇಗೆ ಎಂದ. ಕೊಳ್ಳುವವರು ಯೋಚಿಸಬೇಕಾದ ಪ್ರಶ್ನೆ ಇದು. ತೋಟದಲ್ಲಿ ವರ್ಷಕ್ಕೆ ಹತ್ತು ಮರ ಕುಯ್ಯುವವರಿಗೆ ಇಷ್ಟು ದೊಡ್ಡ ಎಫ್‌ಐ ಮಿಷನ್ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ದಿನವಿಡೀ ದಪ್ಪ ಮರ ಉರುಳಿಸುವವರ ಸಾಮಾನು.

ಕೈಗೆ ತಾಗಿದರೆ ನಿಲ್ಲುತ್ತದೆಯೇ?

ಇಲ್ಲ. ಕಂಟ್ರೋಲ್ ಯೂನಿಟ್ ನೋಡುವುದು ಎಂಜಿನ್ನನ್ನು, ನಿಮ್ಮ ಕೈಯನ್ನಲ್ಲ. ಎಂಎಸ್ 500ಐ ಚೈನ್ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಕಾಲು ಸೆಕೆಂಡ್ ಸಾಕು ಎಂದು ಕಂಪನಿಯೇ ಹೇಳುತ್ತದೆ. ಹೊಸ ತಂತ್ರಜ್ಞಾನ ಬಂದಷ್ಟೂ ಅಪಾಯ ಕಡಿಮೆ ಎನ್ನುವ ಹಾಗಿಲ್ಲ.

ಮುಂದಿನ ಹಿಡಿಯ ಎದುರಿಗೆ ಇರುವ ಅಗಲದ ಪ್ಲಾಸ್ಟಿಕ್ ಗಾರ್ಡ್ ಚೈನ್ ಬ್ರೇಕ್. ಬಾರಿನ ತುದಿ ಮರಕ್ಕೆ ಬಡಿದು ಮಿಷನ್ ಮುಖದ ಕಡೆಗೆ ಹಾರಿದಾಗ, ಕೈ ತಾಗಿಯೋ ಆ ಜೋಲಿಯ ರಭಸಕ್ಕೋ ಬ್ರೇಕ್ ಬಿದ್ದು ಚೈನ್ ನಿಲ್ಲುತ್ತದೆ. ಇದು ಸ್ಪ್ರಿಂಗ್ ಮತ್ತು ಲೋಹದ ಪಟ್ಟಿಯ ಕೆಲಸ, ಕಾರ್ಬ್ಯುರೇಟರ್ ಮಿಷನ್‌ಗಳಲ್ಲೂ ಇದೆ. ಆದರೆ ಮಿಷನ್ ಹಾರದೆ, ಓಡುತ್ತಿರುವ ಚೈನಿಗೆ ತೊಡೆ ತಾಗಿದರೆ ಈ ಬ್ರೇಕ್ ಬೀಳುವುದಿಲ್ಲ. ಅದಕ್ಕೆಂದೇ ಬೇರೆ ಪ್ಯಾಂಟ್ ಸಿಗುತ್ತದೆ. ಅದರ ಒಳಪದರದ ಉದ್ದನೆಯ ಎಳೆಗಳು ಚೈನಿಗೆ ಸುತ್ತಿಕೊಂಡು ಅದನ್ನು ಜಾಮ್ ಮಾಡುತ್ತವೆ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಮರ ಕುಯ್ಯುವುದು ನಮ್ಮ ಕಡೆ ದಿನವೂ ಕಾಣುತ್ತದೆ. ಕೈಗೆ ತಾಗಿದರೆ ನಿಲ್ಲುತ್ತದೆ ಎಂಬ ಮೆಸೇಜ್ ಹೋಗಿ ತಲುಪುವುದೂ ಅವರಿಗೇ.

(ಚೈನ್‌ಸಾ ಕಂಡುಹಿಡಿದದ್ದು ಹೆರಿಗೆಗೆ ಎಂಬ ಮತ್ತೊಂದು ಫಾರ್ವರ್ಡ್ ಇದೆ. ಅದರಲ್ಲಿ ಮುಕ್ಕಾಲು ನಿಜ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕಿನ್ ಮತ್ತು ಜೇಮ್ಸ್ ಜೆಫ್ರಿ ಮೂಳೆ ಕತ್ತರಿಸಲು ಹಲ್ಲಿರುವ ಚೈನ್ ಬಳಸಿದ್ದರು. ಅದು ಎರಡೂ ತುದಿಯಲ್ಲಿ ಹಿಡಿ ಇದ್ದು ಕೈಯಲ್ಲಿ ಎಳೆಯುವ ಸಣ್ಣ ಸರಪಳಿ, ಎಂಜಿನ್ ಗರಗಸವಲ್ಲ.)

ಹಾಗಾದರೆ ಎಷ್ಟು ಬೆರೆಸಬೇಕು?

ಮಿಷನ್ ಜೊತೆ ಬಂದ ಪುಸ್ತಕ ಹೇಳಿದಷ್ಟು. ಈಗಿನ ಹೆಚ್ಚಿನ ಮಿಷನ್‌ಗಳಿಗೆ, ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್ ಆದರೆ, 50ಕ್ಕೆ 1 ಪಾಲು: ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್, ಐದು ಲೀಟರಿಗೆ 100 ಎಂಎಲ್. ಬೈಕಿನ ಎಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ. ಕ್ಯಾನಿಗೆ ಮೊದಲು ಆಯಿಲ್, ಆಮೇಲೆ ಪೆಟ್ರೋಲ್, ನಂತರ ಚೆನ್ನಾಗಿ ಅಲುಗಾಡಿಸಿ. ಗುಬ್ಬಿ ಕಡೆ ಹಳೇ ತೆಂಗಿನ ಮರ ಕುಯ್ಯುವ ಒಂದು ತಂಡ ಮಕ್ಕಳ ಟಾನಿಕ್ ಬಾಟಲಿಯ ಅಳತೆ ಮುಚ್ಚಳ ಇಟ್ಟುಕೊಂಡಿದೆ. ಹತ್ತು ಎಂಎಲ್‌ನ ಎರಡು ಮುಚ್ಚಳ, ಒಂದು ಲೀಟರ್. ಇದಕ್ಕಿಂತ ಸುಲಭ ಉಪಾಯ ನಾನು ಕಂಡಿಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ಅದು ನೀರಿನ ಜೊತೆ ಸೇರಿ ಕ್ಯಾನಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಆ ಪದರದಲ್ಲಿ ಆಯಿಲ್ ಇರುವುದಿಲ್ಲ. ಆದ್ದರಿಂದ ಬೇಕಾದಷ್ಟೇ ಬೆರೆಸಿಕೊಳ್ಳಿ, ಕೆಲಸ ಮುಗಿದರೆ ಟ್ಯಾಂಕ್ ಖಾಲಿ ಮಾಡಿ ಇಡಿ. ನಿಮ್ಮ ಮಿಷನ್ ಎಷ್ಟು ಎಥನಾಲ್ ತಡೆಯುತ್ತದೆ ಎಂಬುದೂ ಅದೇ ಪುಸ್ತಕದಲ್ಲಿರುತ್ತದೆ.

ಚೈನಿನ ಟ್ಯಾಂಕಿಗೆ ಬೈಕಿನಿಂದ ಇಳಿಸಿದ ಕರಿ ಆಯಿಲ್ ಸುರಿಯುವ ರೂಢಿಯೂ ಇದೆ. ಅದರಲ್ಲಿರುವ ಲೋಹದ ಪುಡಿ ಎಣ್ಣೆ ಪಂಪನ್ನು ಸವೆಸುತ್ತದೆ. ಚೈನ್ ಅದನ್ನು ನಿಮ್ಮ ಕೈ ಮೈಗೂ ಎರಚುತ್ತದೆ, ಅದು ಚರ್ಮಕ್ಕೆ ಒಳ್ಳೆಯದಲ್ಲ.

ಕ್ಯಾನಿನಲ್ಲಿರುವುದು ಬರೀ ಪೆಟ್ರೋಲೋ ಬೆರೆಸಿದ್ದೋ ಎಂಬ ಅನುಮಾನ ಬಂದರೆ, ಬೆಂಕಿ, ಬೀಡಿ ಇಲ್ಲದ ಬಯಲಿನಲ್ಲಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಬರೀ ಪೆಟ್ರೋಲ್ ಆರಿಹೋಗಿ ಕಾಗದ ಮೊದಲಿನಂತಾಗುತ್ತದೆ. ಆಯಿಲ್ ಇದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಮಾವನ ಟ್ಯಾಂಕಿನ ಹನಿ ಬಿದ್ದ ಕಾಗದ ಆರಿದ ಮೇಲೆ ಬೆಳ್ಳಗೇ ಇತ್ತು. ಮೆಕ್ಯಾನಿಕ್ ಅದನ್ನು ಅವರ ಕೈಗೇ ಕೊಟ್ಟು, ಹೊಸ ಸಿಲಿಂಡರ್ ಮತ್ತು ಪಿಸ್ಟನ್ ಸೆಟ್ಟಿನ ಬೆಲೆಯನ್ನು ಅದರ ಹಿಂದೆಯೇ ಬರೆದ.